ಹೊಳೆಗೆ ಬಿಟ್ಟ ನೂಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ದಿನಚರಿ ಬರೆಯುವವನು. ಅಂದಂದಿನದನ್ನು ಅಂದಂದೇ ಬರೆದಿಡುತ್ತೇನೆ, ಸೇರಿಸುವುದಿಲ್ಲ, ಬಿಡುವುದಿಲ್ಲ.

ನಮ್ಮ ಮನೆ ಮಂಗಳೂರಿನ ಬಂದರಿನ ಎದುರು ದಡದಲ್ಲಿ, ಬೆಂಗ್ರೆಯಲ್ಲಿ. ನಾನು ಸಣ್ಣವನಿದ್ದಾಗ ಅಣ್ಣ ಸೀನ ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಸತ್ತ. ಆಮೇಲೆ ನಾನು ನಿದ್ದೆಯಲ್ಲೇ ಎದ್ದು ನೀರಿನ ಕಡೆ ನಡೆಯತೊಡಗಿದೆ. ಅಮ್ಮ ಭೂತದ ಗುಡಿಯಿಂದ ನೂಲು ತಂದು ತೋಳಿಗೆ ಕಟ್ಟಿದ ಮೇಲೆ ಅದು ನಿಂತಿತು.

ಹೋದ ವರ್ಷ ಹಂಚು ಸಾಗಿಸುವ ಹಡಗಿನಲ್ಲಿ ಗುಮಾಸ್ತನಾಗಿ ಸಯಾಮ್ ದೇಶಕ್ಕೆ ಹೋದೆ. ಬ್ಯಾಂಕಾಕ್ ಮುಟ್ಟಿದ ದಿನ ಹುಣ್ಣಿಮೆ. ಅಲ್ಲಿಯವರಿಗೆ ಅಂದು ದೀಪದ ಹಬ್ಬ. ಬಾಳೆದಿಂಡಿನ ತುಂಡಿಗೆ ಎಲೆ ಮಡಚಿ ಸಿಕ್ಕಿಸಿ, ಹೂ, ಊದುಬತ್ತಿ, ಮೊಂಬತ್ತಿ ಇಟ್ಟು ಹೊಳೆಗೆ ಬಿಡುತ್ತಾರೆ. ತಮ್ಮ ಉಗುರು, ಕೂದಲನ್ನೂ ಇಡುತ್ತಾರೆ. ಕಂಟಕ ತೇಲಿಹೋಗಲಿ ಅಂತ.

ನನ್ನ ಜೊತೆ ಹಡಗಿನ ಅಡುಗೆಯ ಅಬ್ಬು ಬ್ಯಾರಿ ಇದ್ದ. ನಾನೂ ಒಂದು ದೀಪ ಕೊಂಡು ಹೊಳೆಯ ಮೆಟ್ಟಿಲಿಗೆ ಇಳಿದೆ.

"ಉಗುರು ಹಾಕು ಮಾರಾಯ. ನಿನ್ನ ದರಿದ್ರ ಹೋದರೆ ನಮಗೂ ಒಳ್ಳೇದು."

"ಪರವೂರಲ್ಲಿ ಉಗುರು ಬಿಟ್ಟರೆ ಯಾರಾದರೂ ಮಾಟ ಮಾಡಿದರೆ?"

"ನಿನಗೆ ಮಾಟ ಮಾಡಿ ಅವರಿಗೆ ಎಂತ ಸಿಗ್ತದೆ? ಹಂಚಾ?"

ನಗು ಬಂತು. ತೋಳಿನ ನೂಲು ಸವೆದು ಎಳೆ ಬಿಟ್ಟಿತ್ತು. ಹಳೆಯ ನೂಲನ್ನು ಹರಿಯುವ ನೀರಿಗೆ ಬಿಡುವುದು ನಮ್ಮಲ್ಲೂ ಉಂಟು... ಆದರೆ ಹೊಸತು ಕಟ್ಟಿಕೊಂಡ ಮೇಲೆ. ಅದು ಆಗ ನೆನಪಾಗಲಿಲ್ಲ. ಬಿಚ್ಚಿ ಹೂವಿನ ನಡುವೆ ಇಟ್ಟು ದೀಪ ತೇಲಿಬಿಟ್ಟೆ.

ಹೊಳೆ ತುಂಬ ದೀಪ. ಎಲ್ಲವೂ ಸಮುದ್ರದ ಕಡೆಗೆ ಹೋಗುತ್ತಿದ್ದವು. ಒಂದು ಮಾತ್ರ ನಿಂತಿತು... ತಿರುಗಿತು... ಸೆಳೆತಕ್ಕೆ ಎದುರಾಗಿ ನನ್ನ ಮೆಟ್ಟಿಲಿಗೇ ಬಂತು. ಬತ್ತಿ ಆರಿತ್ತು. ಹೂ ಇತ್ತು, ನೂಲಿರಲಿಲ್ಲ.

ಊದುಬತ್ತಿಯ ಪರಿಮಳದ ನಡುವೆ ಮೀನೆಣ್ಣೆಯ ವಾಸನೆ. ನಮ್ಮ ದೋಣಿಗೆ ಬಳಿಯುತ್ತಿದ್ದ ಅದೇ ಎಣ್ಣೆ.

"ಕಿನ್ನಿ... ಬಲ."

ಸಣ್ಣವನೇ, ಬಾ. ತುಳುವಿನಲ್ಲಿ. ನನ್ನನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ.

"ಅಬ್ಬು, ನೀನು ಕರೆದದ್ದಾ?"

"ಇಲ್ಲವಾ." ಅವನು ನನ್ನ ಕಾಲನ್ನೇ ನೋಡುತ್ತಿದ್ದ. "ನೀನು ಯಾಕೆ ನೀರಿಗೆ ಇಳಿದದ್ದು?"

ಮೊಣಕಾಲಿನವರೆಗೆ ನೀರಿತ್ತು. ಇಳಿದದ್ದು ನನಗೆ ಗೊತ್ತೇ ಇರಲಿಲ್ಲ. ಅಬ್ಬು ಅಂಗಿ ಹಿಡಿದು ಎಳೆದು ಮೇಲೆ ಹತ್ತಿಸಿದ.

ಊರಿಗೆ ಮರಳಿದ ಸಂಜೆ ಅಮ್ಮ ತನ್ನದು ಬಿಟ್ಟು ಎರಡು ಬಟ್ಟಲಿಗೆ ಗಂಜಿ ಬಡಿಸಿದರು.

"ಇನ್ನೊಂದು ಯಾರಿಗೆ?"

"ನಿನ್ನ ಹಿಂದೆಯೇ ಬಂದನಲ್ಲ," ಅಂದರು. ಅಮ್ಮ ಅಷ್ಟು ಹಗುರವಾಗಿ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಅಮ್ಮ, ಹೊಸ ನೂಲು ಬೇಕು. ನಾಳೆಯೇ ಗುಡಿಗೆ ಹೋಗುವ."

ಅವರು ಇನ್ನೊಂದು ಬಟ್ಟಲನ್ನು ನನ್ನ ಪಕ್ಕದ ಖಾಲಿ ಜಾಗಕ್ಕೆ ಸರಿಸಿದರು. "ಈಗ ಬೇಡ ಮಗ. ನೂಲು ಕಟ್ಟಿದರೆ ಅವನು ಹೊರಗೆ ನಿಲ್ಲಬೇಕಾಗ್ತದೆ."

ಅಮ್ಮನ ಮುಖ ನೋಡಿ ನಾನೂ ಗುಡಿಗೆ ಹೋಗಲಿಲ್ಲ. ಹುಣ್ಣಿಮೆಯ ರಾತ್ರಿಗಳಲ್ಲಿ ಕಾಲನ್ನು ಬಲೆಯ ಹಗ್ಗದಿಂದ ಕಂಬಕ್ಕೆ ಕಟ್ಟಿ ಮಲಗುತ್ತೇನೆ. ಬೆಳಿಗ್ಗೆ ಹಗ್ಗ ಪಕ್ಕದಲ್ಲಿ ಸುರುಳಿ ಸುತ್ತಿಟ್ಟಿರುತ್ತದೆ, ದೋಣಿಯಲ್ಲಿ ಅಣ್ಣ ಇಡುತ್ತಿದ್ದ ಹಾಗೆ. ತಾನು ಮುಟ್ಟಿಲ್ಲ ಎನ್ನುತ್ತಾರೆ ಅಮ್ಮ.

ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ಮೊದಲ ಹುಣ್ಣಿಮೆಗೆ ಅಂಗಾಲಿನಲ್ಲಿ ಒದ್ದೆ ಹೊಯ್ಗೆ, ದಡದ ಮರಳು. ಮುಂದಿನದಕ್ಕೆ ಮೊಣಕಾಲಿನವರೆಗೆ ಒದ್ದೆ. ಕಳೆದ ಸಲ ಎದೆಯವರೆಗೆ.

ನಾಳೆ ಹುಣ್ಣಿಮೆ.