ಬೂಟುಗಳ ನಡುವೆ ಒಂದು ಕತ್ತರಿ

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಮೊದಲು ಕಾಲು ನೋಡುತ್ತಾರೆ. ನನ್ನ ಕಾಲು ನೋಡಿ ಅಜ್ಜ ಏನಂದರೋ ಗೊತ್ತಿಲ್ಲ; ಆಮೇಲೆ ಹದಿನೆಂಟು ವರ್ಷ ಉಳಿದವರು ಅಂದದ್ದೆಲ್ಲ ಗೊತ್ತು. ಅಪ್ಪ, ಚಿಕ್ಕಪ್ಪಂದಿರು, ಅಣ್ಣ, ಚಿಕ್ಕಪ್ಪಂದಿರ ಮಕ್ಕಳು, ಎಲ್ಲರಿಗೂ ಫುಟ್‌ಬಾಲಿನ ಹುಚ್ಚು. ನನ್ನನ್ನೂ ಸೇರಿಸಿದರೆ ಸರಿಯಾಗಿ ಹನ್ನೊಂದು ಜನ. ನನ್ನ ಗ್ರಹಚಾರವೆಲ್ಲ ಅಲ್ಲೇ ಇತ್ತು.

ಓಡಲು ಬಾರದವನನ್ನು ಗೋಲಿನಲ್ಲಿ ನಿಲ್ಲಿಸುವುದು ನಮ್ಮವರ ಶಾಸ್ತ್ರ. ವಿಜಯದಶಮಿಯಂದು ಊರೆಲ್ಲ ಜಂಬೂಸವಾರಿಗೆ ರಸ್ತೆ ಬದಿಯಲ್ಲಿ ಜಾಗ ಹಿಡಿಯುತ್ತಿದ್ದರೆ, ನಾವು ಇಲವಾಲದ ಬಯಲಿನಲ್ಲಿ ಅಮ್ಮನ ತವರಿನವರ ಮೇಲೆ ಆಡುತ್ತಿದ್ದೆವು. ಅಮ್ಮ ಚಿತ್ರಾನ್ನದ ಡಬ್ಬಿ ಹಿಡಿದು ಕೂತು ಎರಡೂ ಕಡೆಗೆ ಚಪ್ಪಾಳೆ ತಟ್ಟುತ್ತಿದ್ದರು. ಸೋದರಮಾವಂದಿರ ಚೆಂಡು ನನ್ನನ್ನು ದಾಟಿದಾಗಲೆಲ್ಲ ಅಪ್ಪ ಅಷ್ಟು ದೂರದಿಂದ ಕೂಗುತ್ತಿದ್ದರು: “ಮಾವಂದಿರ ಮುಲಾಜಿಗೆ ಬುಟ್ಬುಟ್ಟೇನೋ?” ಮುಲಾಜೂ ಇಲ್ಲ, ಮಣ್ಣೂ ಇಲ್ಲ. ಚೆಂಡು ಬಂದರೆ ನಾನು ಕಣ್ಣು ಮುಚ್ಚುತ್ತಿದ್ದೆ, ಅಷ್ಟೆ.

ನನಗೆ ಹಿಡಿಸಿದ್ದು ಹೊಲಿಗೆ. ಇವರ ಹರಿದ ಜರ್ಸಿಗಳನ್ನು ಹೊಲಿದೂ ಹೊಲಿದೂ ಕೈ ಕುದುರಿತ್ತು. ಪಿಯುಸಿ ಮುಗಿದ ಮೇಲೆ ಪಕ್ಕದ ಬೀದಿಯ ಟೈಲರ್ ಹತ್ತಿರ ಕಲಿಯಲು ಹೋಗತೊಡಗಿದೆ. ಆಟ ಬಿಡುತ್ತೇನೆ ಅಂದರೆ ಅಪ್ಪ ನನ್ನನ್ನೇ ಬಿಟ್ಟಾರು ಎಂಬ ಹೆದರಿಕೆಗೆ ಬಾಯಿ ಬಿಟ್ಟಿರಲಿಲ್ಲ.

ಆಯುಧಪೂಜೆಯ ದಿನ ನಮ್ಮಲ್ಲಿ ಸ್ಕೂಟರಿಗಿಂತ ಮೊದಲು ಬೂಟುಗಳಿಗೆ ಕುಂಕುಮ. ಎಲ್ಲರೂ ತಮ್ಮ ತಮ್ಮದನ್ನು ತೊಳೆದು ಚೆಂಡಿನ ಸುತ್ತ ಇಡಬೇಕು. ಇಟ್ಟವರು ಮರುದಿನ ಆಡಬೇಕು. ಆ ವರ್ಷ ನಾನು ನನ್ನ ಗೋಲ್‌ಕೀಪರ್ ಗ್ಲೌಸಿನ ಜಾಗದಲ್ಲಿ ಕತ್ತರಿ ಇಟ್ಟೆ.

“ಚೆಂಡಿನ ಪಕ್ಕ ಕತ್ತರಿ ಮಡಗ್ತಾರೇನೋ, ಅನಿಷ್ಟ!” ಅಂದರು ಚಿಕ್ಕಪ್ಪ. ಅಪ್ಪ ಕುಂಕುಮದ ಬಟ್ಟಲು ಹಿಡಿದು ನಿಂತರು.

“ಅದ್ಯಾರ್ದು?”

“ನಂದು ಅಪ್ಪ. ನಾಳೆಯಿಂದ ನಾನು ಆಡಲ್ಲ.”

ನಾಲ್ಕು ಏಟು ಬಿಗಿದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಕತ್ತರಿಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕುಂಕುಮ ಇಟ್ಟರು. ನಿಂಬೆಹಣ್ಣಿಗೂ ಇಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಹತ್ತೇ ಜನ. ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪಲಿಲ್ಲ. ಮೂವತ್ತು ವರ್ಷ ಮುಂದಿನ ಸಾಲಿನಲ್ಲಿ ನಿಂತು ಗೋಲು ಹೊಡೆದಿದ್ದ ಅಪ್ಪನೇ ನನ್ನ ಗ್ಲೌಸ್ ತೊಟ್ಟು ಹಿಂದೆ ಹೋದರು. ನಾನು ಅಮ್ಮನ ಪಕ್ಕ ಕೂತು ಚಿತ್ರಾನ್ನ ಹೊಡೆಯುತ್ತಿದ್ದೆ. ಮೊದಲ ಗೋಲಿಗೆ ಖುಷಿಯಾಯಿತು, ಸುಳ್ಳೇಕೆ? ಎರಡನೆಯದಕ್ಕೂ ಆಯಿತು. ಐದನೆಯದು ಬಿದ್ದಾಗ ಚಿಕ್ಕಪ್ಪ ಆ ತುದಿಯಿಂದಲೇ ಕೂಗಿದರು: “ಏನಣ್ಣ, ಬಾಮೈದಂದಿರ್ಗೆ ಬಾಗಿನ ಕೊಡ್ತಿದ್ದೀಯಾ?” ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರು. ಅಪ್ಪ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಆರನೆಯ ಗೋಲು ಆಗದಿರಲಿ ಎಂದು ನಾನು ಚಾಮುಂಡಿಗೆ ಕೈ ಮುಗಿದೆ. ಆಯಿತು.

ಆಟ ಮುಗಿದಾಗ ನಾನೇ ನೀರಿನ ಬಾಟಲಿ ತೆಗೆದುಕೊಂಡು ಹೋದೆ. ಅಪ್ಪ ಕಂಬಕ್ಕೊರಗಿ ಗ್ಲೌಸ್ ಬಿಚ್ಚುತ್ತಿದ್ದರು.

“ಎಲ್ರೂ ಆ ಕಡೆ ಓಡೋಗ್ಬುಡ್ತಾರೆ ಕಣೋ,” ಅಂದರು. “ಬಯ್ಯೋಕೆ ಮಾತ್ರ ಈ ಕಡೆ ತಿರುಗ್ತಾರೆ.”

ನಾನು ಬಾಟಲಿ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

“ನೀನು ಎಷ್ಟು ವರ್ಷ ನಿಂತಿದ್ದೆ ಇಲ್ಲಿ?”

“ಏಳು ವರ್ಷ ಅಪ್ಪ.”

ಬಾಟಲಿ ಹಿಡಿದ ನನ್ನ ಕೈಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

“ಮೊದ್ಲು ನೀನು ಕುಡಿ,” ಅಂದರು.