ಕಂಬದ ಮೇಲಿನ ಕಪ್ಪು ಗೆರೆ

ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಲಕ್ಕುಂಡಿಗೆ ಬಸ್ಸು ಹತ್ತುವುದೇ ಸುಲಭ ಎಂದುಕೊಳ್ಳುವವರ ಪೈಕಿ ನಾನು.

ಮುಂಡರಗಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಇನ್ನು ಮೇಲೆ ಗೇಮುಗಳಿಗೆ ಸಾಮಾನು ಮಾಡಿಕೊಟ್ಟು ಬದುಕುತ್ತೇನೆ ಎಂದು ಹೆಡ್‌ಮಾಸ್ತರರ ಮುಂದೆ ಭಾಷಣ ಬಿಗಿದು, ಕೆಲಸ ಬಿಟ್ಟು, ಬೆಟಗೇರಿಯ ಮನೆಯಲ್ಲಿ ಬಂದು ಕೂತೆ. ಗೇಮಿನೊಳಗಿನ ಮನೆ, ಮರ, ಕತ್ತಿಗಳನ್ನೆಲ್ಲ ಯಾರೋ ಒಬ್ಬರು ಕಂಪ್ಯೂಟರಿನಲ್ಲಿ ಕಟ್ಟಬೇಕಲ್ಲ, ಆ ಯಾರೋ ನಾನಾಗಬೇಕಿತ್ತು. ಅರ್ಜಿಯ ಜೊತೆ ನಾನು ಕಳಿಸಿದ್ದ ಹಂಡೆ, ಕತ್ತಿ ಮುಂತಾದ ಹನ್ನೊಂದು ಸಾಮಾನು ನೋಡಿ ಒಂದು ಕಂಪನಿ, ಪರೀಕ್ಷೆಗೆಂದು, ಲಕ್ಕುಂಡಿಯ ಗುಡಿಯ ಕಂಬವೊಂದನ್ನು ಮಾಡಿಕೊಡಲು ಹೇಳಿತು. ಒಪ್ಪಿಗೆಯಾದರೆ ಕಾಯಂ ಕೆಲಸ. ಇಲ್ಲದಿದ್ದರೆ ಮತ್ತೆ ಹೆಡ್‌ಮಾಸ್ತರರ ಮುಂದೆ ಕೈಕಟ್ಟಿ ನಿಲ್ಲಬೇಕು.

ಕಂಬ ಚೆನ್ನಾಗಿಯೇ ಬಂತು. ಆದರೆ ಪರದೆಯಲ್ಲಿ ಅದರ ಮೇಲೆ ಬೆಳಕು ಬಿಟ್ಟ ಕೂಡಲೇ ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ. ಗೆರೆಯ ಈ ಬದಿಗೆ ಒಂದು ನೆರಳು, ಆ ಬದಿಗೆ ಇನ್ನೊಂದು. ಬೆಳಕನ್ನು ಸರಿಸಿದೆ. ಕಲ್ಲಿನ ಬಣ್ಣ ಗಾಢ ಮಾಡಿದೆ. ಕಂಬವನ್ನೇ ತಿರುಗಿಸಿ ಗೆರೆಯನ್ನು ಹಿಂದಕ್ಕೆ ಕಳಿಸಿದೆ. ಗೇಮು ಆಡುವವರು ಕಂಬವನ್ನು ಸುತ್ತು ಹಾಕುತ್ತಾರೆ ಎನ್ನುವುದು ಆಮೇಲೆ ಹೊಳೆಯಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಎಂಟು ದಿನ ನಾನು ಕಂಪ್ಯೂಟರನ್ನು ಬೈದೆ. ಕೊನೆಗೆ ಕಳಿಸುವಾಗ, "ಆ ಗೆರೆ ತಪ್ಪಲ್ಲ, ಮೂಲ ಕಲ್ಲಿನಲ್ಲೇ ಬಿರುಕಿದೆ" ಎಂದು ಬರೆದುಬಿಟ್ಟೆ.

ಉತ್ತರ ಬಂತು: ಬಹಳ ಸಂತೋಷ, ಆ ಬಿರುಕಿನ ಫೋಟೋ ಕಳಿಸಿ.

ಬಸ್ಸು ಹತ್ತಿದೆ. ಗುಡಿಯಲ್ಲಿ ಆ ಕಂಬದ ಮೇಲೆ ಕೈಯಾಡಿಸುತ್ತ ಮೂರು ಸುತ್ತು ಬಂದೆ. ಕಸ ಹೊಡೆಯುತ್ತಿದ್ದ ಹೆಂಗಸು ಕಸಬರಿಗೆ ನಿಲ್ಲಿಸಿ ನೋಡಿದಳು.

"ಏನರ ಹರಕಿ ಐತೇನ್ರಿ ಅಕ್ಕಾರ?"

"ಇಲ್ರಿ, ಬಿರುಕು ಹುಡುಕಾಕತ್ತೀನಿ."

"ಅಯ್ಯ, ಇದಕ್ಕೆಲ್ಲೈತ್ರಿ ಬಿರುಕು! ಬೇಕಂದ್ರ ಹಿಂದ ಒಂದು ಒಡದ ಕಂಬ ಬಿದ್ದೈತಿ, ನೋಡ್ರಿ."

ನೋಡಿದೆ. ನೋಡಿದ್ದಷ್ಟೇ ಅಲ್ಲ, ಅದರ ಫೋಟೋ ತೆಗೆದುಕೊಂಡೆ. ಆ ಹೊತ್ತಿಗೆ ನನಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು.

ಮನೆಗೆ ಬಂದಾಗ ಅವ್ವ ಮಗ್ಗದ ಮುಂದೆ ಕೂತು, ಮುಗಿದ ಹಾಸಿನ ಉದ್ದೆಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆಯುತ್ತಿದ್ದಳು. ಫೋಟೋ ತೋರಿಸಿ ನನ್ನ ಜಾಣತನವನ್ನೆಲ್ಲ ಹೇಳಿದೆ. ಅವಳು ಫೋಟೋ ಬಿಟ್ಟು ಪರದೆಯ ಮೇಲಿದ್ದ ನನ್ನ ಕಂಬವನ್ನು ನೋಡಿದಳು.

"ಇದನ್ನ ಹೆಂಗ ಮಾಡಿದಿ?"

"ಹಾಳಿ ಸುತ್ತಿದಂಗ ಸುತ್ತೀನಿ. ಎರಡೂ ಅಂಚು ಇಲ್ಲಿ ಬಂದು ಕೂಡ್ಯಾವ."

"ಕೂಡ್ಯಾವೋ, ಬಾಜೂಕ ಬಾಜೂಕ ಕುಂತಾವೋ? ಎಳಿ ಬಾಜೂಕ ಇಟ್ರ ಹಾಸು ಕೂಡಿದಂಗ ಆಗಂಗಿಲ್ಲವ್ವಾ. ಎಳದು ನೋಡು."

ಕಂಬದ ಮೈ ಕಟ್ಟಿದ್ದ ಚುಕ್ಕಿಗಳಲ್ಲಿ ಅಂಚಿನದೊಂದನ್ನು ಮೌಸಿನಿಂದ ಹಿಡಿದು ಎಳೆದೆ. ಅದೊಂದೇ ಬಂತು, ಅದರ ಜೋಡಿ ಇದ್ದಲ್ಲೇ ಉಳಿಯಿತು. ಗೆರೆಯುದ್ದಕ್ಕೂ ಒಂದೊಂದು ಜಾಗದಲ್ಲಿ ಎರಡೆರಡು ಚುಕ್ಕಿ ಕೂತಿದ್ದವು, ಎರಡರ ಮೇಲೂ ಬೆಳಕು ಬೇರೆ ಬೇರೆಯಾಗಿ ಬೀಳುತ್ತಿತ್ತು. ಎಲ್ಲವನ್ನೂ ಆಯ್ದು, ಬೆಸೆಯುವ ಗುಂಡಿ ಒತ್ತಿದೆ. ಗೆರೆ ಹೋಯಿತು. ಎಂಟು ದಿನದ ನನ್ನ ಪರದಾಟಕ್ಕೆ ಬೇಕಾಗಿದ್ದದ್ದು ಒಂದು ಗುಂಡಿ.

ಒಡಕು ಕಂಬದ ಫೋಟೋ ಇನ್ನೂ ಫೋನಿನಲ್ಲಿತ್ತು. ಅದನ್ನು ಕಳಿಸಿದ್ದರೆ ಮಾನವೂ ಉಳಿಯುತ್ತಿತ್ತು, ಬಹುಶಃ ಕೆಲಸವೂ ಸಿಗುತ್ತಿತ್ತು. ಅವ್ವ ಮತ್ತೆ ಎಳೆಗೆ ಕೈ ಹಚ್ಚಿದಳು. ಬೈದಿದ್ದರೆ ಹಟಕ್ಕೆ ಬಿದ್ದು ಕಳಿಸಿಯೇ ಬಿಡುತ್ತಿದ್ದೆ. ಸರಿಯಾದ ಕಂಬವನ್ನು ಕಳಿಸಿ, "ಬಿರುಕು ಕಲ್ಲಿನದಲ್ಲ, ನನ್ನದು. ಸುಳ್ಳು ಹೇಳಿದ್ದೆ" ಎಂದು ಬರೆದೆ. ಎರಡು ದಿನ ಹೆಡ್‌ಮಾಸ್ತರರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡೆ.

ಮೂರನೆಯ ದಿನ ಉತ್ತರ ಬಂತು. ಹೇಳಿದ್ದು ಒಳ್ಳೆಯದಾಯಿತು, ಕೆಲಸ ಕೊಡುತ್ತೇವೆ ಎಂದು ಮೊದಲ ಸಾಲು. ಕುರ್ಚಿಯಿಂದ ಎದ್ದೇಬಿಟ್ಟೆ. ಉಳಿದದ್ದನ್ನು ಓದಿ ಮತ್ತೆ ಕೂತೆ.

"ಅರ್ಜಿಯ ಜೊತೆ ನೀವು ಕಳಿಸಿದ್ದ ಹನ್ನೊಂದು ಸಾಮಾನುಗಳ ಕೆಳಗೂ 'ಹಳೆಯ ಕಾಲದ ಬಿರುಕು' ಎಂದೇ ಬರೆದಿದ್ದೀರಿ. ಮೊದಲು ಅವನ್ನು ಸರಿಮಾಡಿ. ನೀರಿನ ಹಂಡೆಯಿಂದ ಶುರುಮಾಡಿದರೆ ಒಳ್ಳೆಯದು."

ಹಂಡೆಯನ್ನು ತೆರೆದು ನೋಡಿದೆ. ಬಾಯಿಂದ ತಳದವರೆಗೆ ಬಿರುಕು ಬಿಟ್ಟ ಆ ಹಂಡೆಯಲ್ಲಿ ನಾನೇ ಕಂಠಮಟ್ಟ ನೀರು ತುಂಬಿಸಿ ಇಟ್ಟಿದ್ದೆ.