ಶೇಖವ್ವನ ಪರವಾಗಿ ಮಾತಾಡುವವರು

ಅಕ್ಕಿಆಲೂರಿನ ಗಿರಣಿಯಲ್ಲಿ ಅಕ್ಕಿ ಕೇರುತ್ತಿದ್ದ ಶೇಖವ್ವ ಒಮ್ಮೆ ಕೆಮ್ಮಿದರೆ ಹಾನಗಲ್ಲ ಬಸ್ಸು ತಾನಾಗಿ ನಿಲ್ಲುತ್ತಿತ್ತು. ಅಷ್ಟು ದೊಡ್ಡ ದನಿಯವಳು ಎಪ್ಪತ್ತಕ್ಕೆ ವಕೀಲರ ಮುಂದೆ ಕುಳಿತಳು. ಆಸ್ಪತ್ರೆಯಲ್ಲಿ ತನ್ನ ಮಾತು ನಿಂತರೆ, ‘ಉಸಿರಿನ ಯಂತ್ರ ಸಾಕು, ಮನೆಗೆ ಒಯ್ಯುತ್ತೇವೆ’ ಎಂದು ಡಾಕ್ಟರಿಗೆ ಗಟ್ಟಿಯಾಗಿ ಹೇಳಬಲ್ಲ ಒಬ್ಬರ ಹೆಸರನ್ನು ಈಗಲೇ ಕಾಗದದಲ್ಲಿ ಬರೆಸಬೇಕಿತ್ತು.

“ಮಗ ಮೈಲಾರಿ ಹೆಸರು ಬರೀಲೇನ್ರಿ?” ವಕೀಲರು ಕೇಳಿದರು.

“ಬ್ಯಾಡ್ರಿ. ಅವ ಎಮ್ಮಿಗೆ ಸೂಜಿ ಚುಚ್ಚಿದ್ರೂ ಅಳ್ತಾನ. ಸೊಸಿ ರಾಜಶ್ರೀ ಹೆಸರು ಬರೀರಿ. ಇಪ್ಪತ್ತು ವರ್ಷ ನನಗ ಎದುರು ಮಾತಾಡ್ಯಾಳ, ಡಾಕ್ಟರಿಗೆ ಅಂಜ್ತಾಳೇನು?”

ವಕೀಲರು ಹೆಸರು ಬರೆದು ಶೇಖವ್ವನ ಹೆಬ್ಬೆಟ್ಟು ಒತ್ತಿಸಿದರು. ಪಕ್ಕದಲ್ಲಿದ್ದ ರಾಜಶ್ರೀ ಅತ್ತೆಯ ಹೆಬ್ಬೆಟ್ಟಿನ ಶಾಯಿಯನ್ನು ತನ್ನ ಸೆರಗಿನಿಂದಲೇ ಒರೆಸತೊಡಗಿದಳು.

“ಹೊಸಾ ಸೀರಿ, ಬಿಡ.”

“ಸೀರಿ ನಂದು. ನೀವು ಸುಮ್ನ ಕುಂದರ್ರಿ, ಅತ್ತಿ.”

ಶೇಖವ್ವ ಹಿಗ್ಗಿದಳು. “ಕೇಳಿದ್ರೇನ್ರಿ, ವಕೀಲ್ರ?”